ತೋಲೆಬಾಯ್ ಮಗನೋ, ಸಾರ್ಸೆನ್ ಮಗನೋ

ಮಾರ್ಚ್ 4
ಇವತ್ತೂ ಕ್ಲಿನಿಕ್ ಮುಗಿಸಿ ದಾಖಲೆ ಕಚೇರಿಗೆ, ನಮ್ಮ ವಂಶದ ಹಳೇ ಕಾಗದ ಹುಡುಕೋಕೆ. ಎರ್ಜಾತ್ ಮನೆಯವರು ನನ್ನನ್ನ ಹೆಣ್ಣು ಕೇಳೋಕೆ ಬಂದು ವಾರವಾಯ್ತು. ಚಹಾ ಆರೋ ಮುಂಚೆ, ಕಜಾಕರ ಪದ್ಧತಿಯಂತೆ, ಅವನಜ್ಜ ಶಾಕಿರ್ ತಮ್ಮ ಏಳು ತಲೆಮಾರಿನ ಹೆಸರು ಹೇಳಿದರು. ಅಪ್ಪ ನಮ್ಮದು ಹೇಳಿದ. ಎರಡರಲ್ಲೂ ತೋಲೆಬಾಯ್. ಒಂದೇ ಊರಿನವನು, ಒಬ್ಬನೇ. ಶಾಕಿರಜ್ಜನಿಗೆ ಅಜ್ಜ, ನನಗೆ ಮುತ್ತಜ್ಜ. ಬರಗಾಲದಲ್ಲಿ ಚದುರಿದ ಮನೆ, ಒಬ್ಬರಿಗೊಬ್ಬರು ಗೊತ್ತಿಲ್ಲ.
ಏಳರೊಳಗೆ ರಕ್ತ ಕೂಡಿದರೆ ಮದುವೆ ಇಲ್ಲ. ಎದ್ದು ಹೋದರು.

ಮಾರ್ಚ್ 9
1926ರ ಜನಗಣತಿ: ಜುಮಾದಿಲ್, ವಯಸ್ಸು ಐದು, ತೋಲೆಬಾಯ್ ಮಗ. ಅದೇ ನಮ್ಮಜ್ಜ.
ಮುಲ್ಲಾ ಬರೆದ ಜನನ ನೋಂದಣಿ, 1921: ಜುಮಾದಿಲ್, ತಂದೆ ಸಾರ್ಸೆನ್.
ಸಾರ್ಸೆನ್ ಯಾರು? ಅಪ್ಪನಿಗೆ ಸಿಟ್ಟು. "ಮುಲ್ಲಾ ನಿದ್ದೆಗಣ್ಣಲ್ಲಿ ಬರೆದಿರ್ತಾನೆ. ಬಿಡು."
ಬಿಡಲ್ಲ.

ಮಾರ್ಚ್ 15, ಅರಾಲ್
ರೈಲಲ್ಲಿ ಬಂದೆ. ಬಾಲ್ಜಾನ್ ಅಜ್ಜಿ, ತೋಲೆಬಾಯ್ ಕಿರಿಮಗಳು, ತೊಂಬತ್ತು ದಾಟಿದೆ. ಒಣಮೀನು ಸಿಗೀತಾ ಇದ್ದಳು.
"ಸಾರ್ಸೆನ್ನಾ? ಮೀನುಗಾರ, ಬೇರೆ ಕುಲ. ಅಪ್ಪನ ಗೆಳೆಯ. ಗಂಡ ಹೆಂಡ್ತಿ ಇಬ್ರೂ ಜ್ವರದಲ್ಲಿ ಹೋದ್ರು. ಅಪ್ಪ ಹುಡುಗನ್ನ ಕರ್ಕೊಂಡ್ಬಂದು, ಇವನು ನನ್ನ ಮಗ ಅಂದ. ಸಾಯೋವಾಗ ಅಮ್ಮ ಹೇಳಿದ್ಲು."
"ಯಾರಿಗೂ ಹೇಳ್ಲಿಲ್ವಲ್ಲ ಅಜ್ಜಿ?"
"ಯಾರು ಕೇಳಿದ್ರು? ನಂಗೆ ಅಣ್ಣ, ಅಷ್ಟೇ."
ಒಂದೇ ಹೆದರಿಕೆ. "ನಿಮ್ಮಮ್ಮನ ಹಾಲು ಕುಡಿದಿದ್ನಾ?" ನಮ್ಮಲ್ಲಿ ಹಾಲಿನ ಸಂಬಂಧವೂ ರಕ್ತದಷ್ಟೇ; ಕುಡಿದಿದ್ದರೆ ಮತ್ತೆ ಬಂಧುಗಳೇ.
ಅಜ್ಜಿ ನಕ್ಕಳು. "ನಾಲ್ಕು ವರ್ಷದವನಿಗೆ ಹಾಲೇನೇ, ಹುಚ್ಚಿ? ಕುರಿತಲೆ ತಿಂತಿದ್ದ."

ಮಾರ್ಚ್ 16
ಅಪ್ಪನಿಗೆ ಹೇಳಿದೆ. ತಟ್ಟೆ ಸರಿಸಿ ಎದ್ದ. ಬಾಯಿಪಾಠ ಮಾಡಿದ ಏಳು ಹೆಸರು, ತನ್ನಪ್ಪನ ತೊಡೆ ಮೇಲೆ ಕೂತು ಕಲಿತದ್ದು... ನನಗೆ ಮದುವೆ ಸಿಕ್ಕಿತು, ಅವನಿಗೆ ಮನೆತನವೇ ಹೋಯ್ತು.

ಏಪ್ರಿಲ್ 10
ಇಷ್ಟು ದಿನ ನನ್ನೊಡನೆ ಮಾತಿಲ್ಲ. ಇವತ್ತು ತಾನೇ ಕೋಟು ಹಾಕಿಕೊಂಡ. "ನಡಿ, ಶಾಕಿರ್ ಮನೆಗೆ."
ಅಲ್ಲಿ ನಿಂತೇ ಹೇಳಿದ. "ನಮ್ಮಪ್ಪ ಸಾರ್ಸೆನ್ ಮಗ. ಅದರಾಚೆ ನಂಗೆ ಗೊತ್ತಿಲ್ಲ." ಕಜಾಕ್ ಗಂಡಸು ಹಾಗೆ ಹೇಳೋದು ಸುಲಭವಲ್ಲ.
ಶಾಕಿರಜ್ಜ ಬಾಲ್ಜಾನ್ ಅಜ್ಜಿಗೆ ಫೋನ್ ಮಾಡಿದರು. ತುಂಬಾ ಹೊತ್ತು ಮಾತು. ಆಮೇಲೆ ಅಪ್ಪನಿಗೆ ತಮ್ಮ ಪಕ್ಕ ಜಾಗ ಬಿಟ್ಟರು.
"ನಮ್ಮಜ್ಜ ನಿಮ್ಮಪ್ಪನ್ನ ಮಗ ಅಂದ್ಮೇಲೆ ಮಗನೇ. ತೋಲೆಬಾಯ್ ಹೆಸರು ನಿನ್ನಿಂದ ಯಾರೂ ಕಿತ್ಕೊಳಲ್ಲ. ರಕ್ತ ಬೇರೆ, ಹುಡುಗಿ ನಮ್ಮನೆಗೆ ಬರಲಿ. ಸಾರ್ಸೆನ್ ಕಡೆಯವರನ್ನ ಹುಡುಕು. ಕಾರ್ ಬೇಕಾದ್ರೆ ನಂದಿದೆ."
ಎರ್ಜಾತ್ ಬಾಗಿಲಲ್ಲಿ ಹಲ್ಲು ಕಿರೀತಾ ನಿಂತಿದ್ದ. ಮಂಗ.

ಮೇ 21
ಅಪ್ಪ ಶಾಕಿರಜ್ಜನ ಜೊತೆ ನದಿಯಂಚಿನ ಊರಿಗೆ ಹೋಗಿದಾನೆ. ಈಗ ಫೋನು. ಹಿಂದೆ ಜನರ ಗದ್ದಲ, ನಗು. ಸಾರ್ಸೆನ್ ಅಣ್ಣನ ಮೊಮ್ಮಗ ಸಿಕ್ಕನಂತೆ. ಕುರಿ ಕಡಿದಿದಾರಂತೆ. "ಬರ್ಕೋ, ಬೇಗ ಬರ್ಕೋ" ಅಂತಿದಾನೆ, ಚಿಕ್ಕ ಹುಡುಗನ ಹಾಗೆ.
ಸಾರ್ಸೆನ್. ಅವನ ತಂದೆ ನುರ್ತಾಯ್. ಅವನ ತಂದೆ ಬೈಗಾರಾ. ಅವನ ತಂದೆ—