ಮದುಮಗನ ಸೊಂಟದಲ್ಲಿ ನಿಮ್ಮ ಚೂರಿ

ಅಲೆವೂರು,
ಬುಧವಾರ, 12.2.2025

ಪ್ರೀತಿಯ ಶೇಖರಣ್ಣನಿಗೆ ತಂಗಿ ಸುಗಂಧಿಯ ನಮಸ್ಕಾರಗಳು.

ಕಾಪು ಅಮ್ಮನ ದಯೆಯಿಂದ ನಾವೆಲ್ಲ ಆರೋಗ್ಯವಾಗಿದ್ದೇವೆ. ನಿಮ್ಮ ಮೊಣಕಾಲು ನೋವು ಈಗ ಹೇಗುಂಟು? ಅತ್ತಿಗೆಯ ಶುಗರ್ ಇಳಿಯಿತಾ? ಮುಂಬೈಯಲ್ಲಿ ದಿನಾ ನಾಲ್ಕು ಮಾಳಿಗೆ ಹತ್ತಿ ಇಳಿಯುವವರ ಮೊಣಕಾಲು ಬರೀ ಎಣ್ಣೆ ಹಚ್ಚಿ ಗುಣ ಆಗುವುದು ನನಗೆ ಸಂಶಯ, ಆದರೂ ಹೋದ ಸಲ ಕಳುಹಿಸಿದ ಎಣ್ಣೆ ಮುಗಿದಿದ್ದರೆ ಅತ್ತಿಗೆ ಹೇಳಲಿ, ಇನ್ನೊಂದು ಬಾಟ್ಲಿ ಮಾಡಿಸಿ ಇಟ್ಟಿದ್ದೇನೆ. ನೀವು ನನ್ನ ಫೋನ್ ಎತ್ತುವುದಿಲ್ಲ, ಹಾಗಾಗಿ ಕಾಗದ. ಅತ್ತಿಗೆ ಇದನ್ನು ಗಟ್ಟಿಯಾಗಿ ಓದುತ್ತಾರೆ, ನೀವು ಮುಖಕ್ಕೆ ಪೇಪರ್ ಅಡ್ಡ ಹಿಡಿದು ಕೇಳುತ್ತೀರಿ. ಅಷ್ಟು ಸಾಕು.

ಮಗಳು ಆಶ್ರಿತಾಳ ಮದುವೆ ಮೊನ್ನೆ ಭಾನುವಾರ ಕಾಪುವಿನ ಹಾಲ್‌ನಲ್ಲಿ ಸುಸೂತ್ರವಾಗಿ ಮುಗಿಯಿತು. ಇದು ಕರೆಯುವ ಕಾಗದ ಅಲ್ಲ, ಆದದ್ದನ್ನು ತಿಳಿಸುವ ಕಾಗದ. "ಘಟ್ಟದ ಮೇಲಿಂದ ಗಾರೆ ಕೆಲಸಕ್ಕೆ ಬಂದವರ ಮನೆಗೆ ನಮ್ಮ ಹೆಣ್ಣಾ? ನಾನು ಆ ಹುಡುಗನ ಮುಖ ನೋಡುವುದಿಲ್ಲ" ಅಂತ ದೀಪಾವಳಿಗೆ ಹೇಳಿ ಫೋನ್ ಇಟ್ಟವರು ನೀವು. ನಾನು ಆವತ್ತು ವಾದ ಮಾಡಲಿಲ್ಲ, ಇವತ್ತೂ ಮಾಡುವುದಿಲ್ಲ. ಹುಡುಗ ಪರಮಾನಂದ ಮಣಿಪಾಲದಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಹುಟ್ಟಿದ್ದು, ಶಾಲೆಗೆ ಹೋದದ್ದು ಎಲ್ಲ ಅಲೆವೂರಿನಲ್ಲಿಯೇ, ನಮ್ಮ ಮಕ್ಕಳಿಗಿಂತ ಒಳ್ಳೆಯ ತುಳು ಮಾತಾಡುತ್ತಾನೆ. ಸೋದರಮಾವ ನಿಲ್ಲುವ ಜಾಗದಲ್ಲಿ ಕಾರ್ಕಳದ ಚಿಕ್ಕಮ್ಮನ ಮಗ ಸುಕೇಶ್ ನಿಂತ. ಮಂಟಪ ಹತ್ತುವ ಮೊದಲು ಆಶ್ರಿತಾ ಗೇಟಿನ ಕಡೆ ತಿರುಗಿ ನೋಡಿದಳು. ನಿಮ್ಮ ಹೆಗಲಿನಲ್ಲಿ ಕೂತು ಕಾಪುವಿನ ದೀಪಸ್ತಂಭ ನೋಡಿದ ಮಗು ಅಲ್ವಾ. ಮಾವ ಒಮ್ಮೆ ಪರಮಾನಂದರನ್ನು ನೋಡಿ ಮಾತಾಡಿಸಲಿ, ಆಮೇಲೆ ಬೈದರೂ ಸರಿ ಅಂತ ಅವಳದು ಒಂದೇ ಮಾತು, ಆಗಲೂ ಈಗಲೂ.

ಈಗ ಚೂರಿಯ ವಿಷಯ. ನಿಮ್ಮ ಮಡಚುವ ಚೂರಿಯನ್ನು ನಾನು ಮದುಮಗನಿಗೆ ಕೊಟ್ಟೆ. ಕೇಳದೆ ಕೊಟ್ಟದ್ದು ಹೌದು. ಕೇಳಲಿಕ್ಕೆ ಮಾಡಿದ ಫೋನನ್ನು ನೀವು ಕಟ್ ಮಾಡಿದಿರಿ.

ಅವರ ಕಡೆಯಲ್ಲಿ ಒಂದು ಕ್ರಮ ಉಂಟಂತೆ. ಮದುಮಗನಿಗೆ ಅರಿಶಿನ ಹಚ್ಚಿದ ಮೇಲೆ ತಾಳಿ ಕಟ್ಟುವವರೆಗೆ ಅವನ ಹತ್ತಿರ ಒಂದು ಚೂರಿ ಇರಬೇಕು, ಅದರ ತುದಿಗೆ ಲಿಂಬೆಹಣ್ಣು ಚುಚ್ಚಿರಬೇಕು. ಉಂಡರೂ ಮಲಗಿದರೂ ಬಿಡಬಾರದು. ದೃಷ್ಟಿ, ಗಾಳಿ ತಾಗಬಾರದು ಅಂತ. ಅವರ ಮನೆತನದಲ್ಲಿ ಅಜ್ಜನ ಕಾಲದಿಂದ ಅದಕ್ಕೆಂದೇ ಒಂದು ಚೂರಿ ಉಂಟು, ಆದರೆ ಅದು ಇರುವುದು ಘಟ್ಟದ ಮೇಲಿನ ಅವರ ಊರಿನಲ್ಲಿ, ಹುಡುಗನ ದೊಡ್ಡಪ್ಪನ ಹತ್ತಿರ. ಆ ದೊಡ್ಡಪ್ಪನೂ ಈ ಮದುವೆಗೆ ಮುನಿಸಿಕೊಂಡವರೇ. ಹುಡುಗನ ತಂದೆ ಕಲ್ಲಯ್ಯ ತಲೆ ತಗ್ಗಿಸಿ ಹೇಳಿದರು, "ಮೀನು ತಿನ್ನೋರ ಮನಿಗೆ ನನ್ನ ಚಾಕು ಬರಂಗಿಲ್ಲ ಅಂತ ನಮ್ಮಣ್ಣ ಅದನ್ನ ಹಿಡಕೊಂಡು ಕುಂತಾನ್ರೀ." ನನಗೆ ನಗು ಬಂತು. ನಾವು ಅವರಿಗೆ ಕಡಿಮೆಯವರು, ಅವರು ನಿಮಗೆ ಕಡಿಮೆಯವರು. ಅಲ್ಲಿಯ ದೊಡ್ಡಪ್ಪ ಚೂರಿ ಹಿಡಿದುಕೊಂಡು ಕೂತರು, ಇಲ್ಲಿಯ ಮಾವ ಚೂರಿ ಬಿಟ್ಟು ಕೂತರು.

ಮಣಿಪಾಲದ ಅಂಗಡಿಯಿಂದ ಹೊಸತು ತರುವ ಅಂತ ನಾನೇ ಹೇಳಿದೆ. ಹುಡುಗನ ತಾಯಿ ರತ್ನವ್ವ ಒಪ್ಪಲಿಲ್ಲ. "ಅಂಗಡಿ ಚಾಕು ಬ್ಯಾಡ್ರೀ ಅಕ್ಕಾರ. ಹಿರಿಯರ ಕೈಯಾಗ ಸವೆದದ್ದು ಬೇಕು. ಇಲ್ಲಾಂದ್ರ ಬೇಲಿ ಇಲ್ಲದ ಹೊಲ ಇದ್ದಂಗ" ಅಂದರು. ನಂಬಿಕೆಯ ಮಾತಿಗೆ ಎದುರು ಹೇಳುವವಳು ನಾನಲ್ಲ. ನಮ್ಮ ದೈವಕ್ಕೆ ನಾವು ಮಾಡುವುದನ್ನು ಅವರು ಕೈಮುಗಿದು ನೋಡಲಿಲ್ಲವಾ?

ನಿಮ್ಮ ಭಾವನ ಸೊಂಟದಲ್ಲಿ ಯಾವಾಗಲೂ ಒಂದು ಚೂರಿ ಇರುತ್ತದಲ್ಲ, ಅದನ್ನು ಕೇಳಿದೆ. ಅವರು ಎರಡೂ ಕೈಯಲ್ಲಿ ಸೊಂಟ ಮುಚ್ಚಿಕೊಂಡರು. ಇದ್ದ ನಾಲ್ಕು ಹಲ್ಲಿಗೆ ಅಡಿಕೆಯನ್ನು ಕಾಗದದ ಹಾಗೆ ಸೀಳಿ ಕೊಡುವುದು ಆ ಚೂರಿಯೇ. "ನನ್ನ ಹಲ್ಲು ಕಿತ್ತು ಅಳಿಯನಿಗೆ ಕೊಡು ಅಂತ ಹೇಳುತ್ತೀಯಾ ಮಾರಾಯ್ತಿ?" ಅಂದರು. ಹಿಂದಿನ ಮನೆಯ ಲವಿಟಾ ಬಾಯಿಯ ಹತ್ತಿರ ಹೋದೆ. ಮಲ್ಲಿಗೆ ಕಟ್ಟುವ ಬಾಳೆನಾರು ಸೀಳಲಿಕ್ಕೆ ಅವರಲ್ಲಿ ತಾಯಿಯ ಕಾಲದ ಒಂದು ಸಣ್ಣ ಚೂರಿ ಉಂಟು. ಸವೆದು ಸವೆದು ಅಲಗು ಕಿರುಬೆರಳಿನಷ್ಟು ಆಗಿದೆ, ಹೊಸ ಚೂರಿಯಾದರೆ ನಾರು ಅರ್ಧಕ್ಕೇ ತುಂಡಾಗುತ್ತದಂತೆ. "ಗಂಡನನ್ನು ಬೇಕಾದರೆ ಕೊಂಡುಹೋಗಿ ಸುಗಂಧಿ ಬಾಯಿ, ಎರಡು ದಿನ ಬಿಟ್ಟು ತಂದರೂ ಅಡ್ಡಿಯಿಲ್ಲ. ಚೂರಿ ಮಾತ್ರ ಕೇಳಬೇಡಿ" ಅಂದರು. ಮದುವೆಯ ಮಲ್ಲಿಗೆ ಅವರೇ ಕಟ್ಟಬೇಕಿತ್ತು, ಹಾಗಾಗಿ ನಾನು ಸುಮ್ಮನೆ ಬಂದೆ. ಚಿನ್ನದ ಬಳೆ ಕೇಳಿದ್ದರೆ ಇಬ್ಬರೂ ಕೊಡುತ್ತಿದ್ದರೋ ಏನೋ. ನಾವು ಕತ್ತರಿಸುವುದಕ್ಕೆ ಚೂರಿ ಇಟ್ಟುಕೊಳ್ಳುತ್ತೇವೆ ಅಂತ ನಾನು ತಿಳಿದಿದ್ದೆ. ಹಾಗೆ ಅಲ್ಲ. ಅದು ಅವರವರ ಕೈಗೆ ಒಗ್ಗಿ ಅವರದೇ ಒಂದು ಬೆರಳು ಆಗಿರುತ್ತದೆ.

ಉಳಿದದ್ದು ನಿಮ್ಮದು. ನೀವು ವಿಮಾನದಲ್ಲಿ ಬಂದು ಹೋಗಲು ಸುರು ಮಾಡಿದ ವರ್ಷ ಮಂಗಳೂರು ಏರ್‌ಪೋರ್ಟಿನಲ್ಲಿ ಅದನ್ನು ಒಳಗೆ ಬಿಡಲಿಲ್ಲ, ನೀವು ಹೊರಗೆ ಓಡಿ ಬಂದು ನನಗೆ ಒಪ್ಪಿಸಿದಿರಿ. ಆಮೇಲೆ ನೀವು ಊರಿಗೆ ಬಂದಾಗ ಮಾತ್ರ ಅದು ನಿಮ್ಮ ಕಿಸೆಗೆ ಹೋಗುತ್ತದೆ, ಉಳಿದ ದಿನ ನನ್ನ ದೇವರ ಕೋಣೆಯಲ್ಲಿ. ಅದು ಅಪ್ಪ ಕೊಟ್ಟದ್ದಲ್ಲ, ಬೆಲೆಯದ್ದೂ ಅಲ್ಲ, ಕೋಣನ ಕೊಂಬಿನ ಹಿಡಿಯ ಸಾಧಾರಣ ಚೂರಿ. ಯಾಕೆ ಇಷ್ಟು ಪ್ರೀತಿ ಅಂತ ನಾನು ಒಮ್ಮೆ ಅತ್ತಿಗೆಯನ್ನು ಕೇಳಿದ್ದೆ. ನೀವು ಮುಂಬೈಗೆ ಹೋದ ಹೊಸತರಲ್ಲಿ, ಹೋಟೆಲಿನಲ್ಲಿ ದುಡಿಯುವ ಹುಡುಗರೆಲ್ಲ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಕಾಲದಲ್ಲಿ ಚಾಪೆ ಯಾರದ್ದೋ, ಅಂಗಿ ಯಾರದ್ದೋ, ಸಾಬೂನು ಎಲ್ಲರದ್ದು, ಚೂರಿ ಒಂದೇ ನಿಮ್ಮದು ಅಂತ ಇದ್ದದ್ದಂತೆ. ಬೇರೆಯವರ ಕೈಗೆ ಹೋಗದ ವಸ್ತು. ಅದು ಗೊತ್ತಿದ್ದೂ ತೆಗೆದು ಕೊಟ್ಟೆ. ಕೊಡುವ ಮೊದಲು ಕಾಪು ಅಮ್ಮನಿಗೆ ಹೇಳಿಕೊಂಡೆ. ಮನಸ್ಸಿಗೆ ಬೇಡ ಅಂತ ಬರಲಿಲ್ಲ.

ಚೂರಿ ಯಾರದ್ದು ಅಂತ ಹುಡುಗನಿಗೆ ನಾನು ಹೇಳಲಿಲ್ಲ, ಆಶ್ರಿತಾ ಹೇಳಿದಳು. ಅವನು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಮಡಚಿಕೊಂಡು ಬೆರಳು ಕತ್ತರಿಸಬಾರದು ಅಂತ ಕಲ್ಲಯ್ಯ ಅರಿಶಿನದ ದಾರವನ್ನು ಸಂದಿಗೆ ಬಿಗಿಯಾಗಿ ಸುತ್ತಿದರು. ಅಷ್ಟು ಕಲ್ಲು ಕಟ್ಟಿದ ಕೈ, ಎಳೆದು ನೋಡಿ ಇನ್ನೊಂದು ಗಂಟು ಹಾಕಿತು. ವೀಡಿಯೊದವನು ಬಂದು "ಅಣ್ಣ, ಚೂರಿ ಸ್ವಲ್ಪ ಒಳಗೆ ಹಾಕಿ, ರೌಡಿ ಹಾಗೆ ಕಾಣುತ್ತದೆ" ಅಂತ ಎಲ್ಲರನ್ನೂ ನಗಿಸಿದ. ಊಟಕ್ಕೆ ಕೂತಾಗ ನಂದಿಕೂರಿನ ಒಬ್ಬರು, ಹೆಸರು ಬೇಡ, ಬೇಕೆಂದೇ ದೊಡ್ಡ ಸ್ವರದಲ್ಲಿ "ಸೋದರಮಾವ ಎಲ್ಲಿ? ಕಾಣುವುದೇ ಇಲ್ಲ" ಅಂತ ಕೇಳಿದರು. ನಿಮ್ಮ ಭಾವ ಪಾಯಸ ಬಡಿಸುತ್ತಾ "ಮದುಮಗನ ಸೊಂಟದಲ್ಲಿ ಉಂಟು, ಹೋಗಿ ಮಾತಾಡಿಸಿ" ಅಂದರು.

ಒಂದು ನಷ್ಟ ಆಗಿದೆ, ಅದನ್ನೂ ಬರೆಯುತ್ತೇನೆ. ಲಿಂಬೆಯ ಹುಳಿಗೆ ಅಲಗಿನ ತುದಿ ಕಪ್ಪಾಗಿದೆ. ಬೂದಿ ಹಾಕಿ ಉಜ್ಜಿದೆ, ಹುಣಸೆಹುಳಿ ಹಾಕಿ ಇನ್ನೂ ಕಪ್ಪು ಮಾಡಿದೆ. ಹೋಗಲಿಲ್ಲ. ಹರಿತ ಮಾತ್ರ ಹಾಗೆಯೇ ಉಂಟು, ನಿಮ್ಮ ಭಾವ ಅಡಿಕೆ ಸೀಳಿ ನೋಡಿದರು.

ಬೇರೆ ವಿಶೇಷ ಇಲ್ಲ. ಬಾವಿಯಲ್ಲಿ ನೀರು ಇನ್ನೂ ಉಂಟು. ಕಾಪು ಅಮ್ಮನ ಕುಂಕುಮ ಪ್ರಸಾದ ಇದರೊಳಗೆ ಇಟ್ಟಿದ್ದೇನೆ, ಸ್ನಾನ ಮಾಡಿ ಹಚ್ಚಿಕೊಳ್ಳಿ. ಅತ್ತಿಗೆಗೆ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಎಲ್ಲರನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿಮ್ಮ ತಂಗಿ,
ಸುಗಂಧಿ

ಮರೆತಿದ್ದೆ: ಚೂರಿಯನ್ನು ಪಾರ್ಸೆಲ್ ಮಾಡುವ ಅಂತ ಹೊರಟೆ, ಪರಮಾನಂದ ಬಿಡಲಿಲ್ಲ. "ಮಾವನ ವಸ್ತುವಿಗೆ ಕಲೆ ಮಾಡಿ ಪೋಸ್ಟಿನಲ್ಲಿ ಕಳುಹಿಸುವುದಾ? ನಾನೇ ಕೊಂಡುಹೋಗಿ ಹೇಳುತ್ತೇನೆ" ಅಂದ. ಸೋಮವಾರದ ಮತ್ಸ್ಯಗಂಧ ರೈಲಿನಲ್ಲಿ ಇಬ್ಬರೂ ಹೊರಡುತ್ತಾರೆ, ಮಂಗಳವಾರ ಬೆಳಿಗ್ಗೆ ನಿಮ್ಮ ಬಾಗಿಲಿನಲ್ಲಿ ಇರುತ್ತಾರೆ. ಅವರಿಗಿಂತ ಮೊದಲು ಮುಟ್ಟಲಿ ಅಂತ ಇದನ್ನು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಚೂರಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಆಗುತ್ತದೆ ಅಂತ ನಮ್ಮನ್ನು ಹೆತ್ತ ಅಮ್ಮ ಹೇಳುತ್ತಿದ್ದದ್ದು ನಿಮಗೂ ಗೊತ್ತುಂಟು. ಅವನು ಒಳಗೆ ಬಂದು ನೆಲದಲ್ಲಿ ಇಡುತ್ತಾನೆ, ನೀವು ತೆಗೆದುಕೊಳ್ಳಿ. ಮುಂಬೈಯಲ್ಲಿ ಲಾಡ್ಜ್ ನೋಡಲಾ ಅಂತ ನನ್ನನ್ನು ಕೇಳಿದ. ಬೇಡ, ಅಲ್ಲಿ ಆಶ್ರಿತಾಳ ಸೋದರಮಾವನ ಮನೆ ಉಂಟು ಅಂತ ಹೇಳಿದ್ದೇನೆ.