ಹಸಿ ಗೋಣಿತಟ್ಟು

ಮುಗಳಖೋಡ
ದಿ. ೧೯-೧-೧೯೯೨

ಪ್ರೀತಿಯ ಮಗಳು ಸುಂದರಾಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕೆಮ್ಮು ಪೂರ್ತಿ ವಾಸಿಯಾಯಿತೆ? ಬೆಳಗಾವಿಯ ಚಳಿಯಲ್ಲಿ ಕಿವಿಗೆ ಸ್ಕಾರ್ಫ್ ಕಟ್ಟಿಕೊಳ್ಳದೆ ಕಾಲೇಜಿಗೆ ಹೋಗಬೇಡ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರದಲ್ಲಿ ಹಾಸ್ಟೆಲಿನ ಊಟ, ಗೆಳತಿಯರ ಸುದ್ದಿ ಎಲ್ಲವೂ ಇತ್ತು. ಡಿಪ್ಲೊಮಾ ಪರೀಕ್ಷೆಯ ಫಲಿತಾಂಶ ಮಾತ್ರ ಇರಲಿಲ್ಲ. ಅವ್ವ ಅದಕ್ಕಾಗಿಯೇ ಪತ್ರವನ್ನು ಮತ್ತೊಮ್ಮೆ ಓದಿಸಿಕೊಂಡಳು.

ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಭರದಿಂದ ಸಾಗಿದೆ. ಹಿಂದಿನ ಮುಖ್ಯ ಎಂಜಿನಿಯರರು, ಏನೇ ಕೆಟ್ಟರೂ, ಮೊದಲು ಕೇಳುತ್ತಿದ್ದುದು ಯಾರ ತಪ್ಪು ಎಂದು. ಹೀಗಾಗಿ ನಮ್ಮ ಮಿಲ್ ವಿಭಾಗದವರು ಒಂದು ಉಪಾಯ ಕಲಿತಿದ್ದರು. ಬೇರಿಂಗ್ ಬಿಸಿಯಾದರೆ, ಸಾಹೇಬರು ಸುತ್ತು ಬರುವ ಮುಂಚೆ ಅದರ ಮೇಲೆ ಹಸಿ ಗೋಣಿತಟ್ಟು ಹೊದಿಸಿಡುವುದು. ಮುಟ್ಟಿದರೆ ತಣ್ಣಗೆ, ಒಳಗೆ ಉರಿ. ಹೋದ ವರ್ಷ ಶಾಫ್ಟ್ ಮುರಿದು ಮಿಲ್ಲು ನಿಂತದ್ದು, ಗಾಡಿಗಳಲ್ಲೇ ಕಬ್ಬು ಒಣಗಿದ್ದು ನಿನಗೆ ನೆನಪಿರಬಹುದು.

ಈ ಸಲ ಭಾವುಸಾಹೇಬರು ಮುಖ್ಯ ಎಂಜಿನಿಯರರಾಗಿ ಬಂದಿದ್ದಾರೆ. ಮೊದಮೊದಲು ಅವರನ್ನೂ ಯಾರೂ ನಂಬಲಿಲ್ಲ. ಗೋಣಿತಟ್ಟುಗಳು ಹಾಗೆಯೇ ಇದ್ದವು. ಒಂದು ಬೆಳಿಗ್ಗೆ ಪಾಳಿ ಬದಲಾಗುವಾಗ ಅವರು, ರೋಲರುಗಳ ನಡುವಿನ ಅಂತರವನ್ನು ತಾವೇ ತಪ್ಪಾಗಿ ಹೇಳಿದ್ದಾಗಿ ಎಲ್ಲರೆದುರು ತಿಳಿಸಿ, ತಾವೇ ಪಾನಾ ಹಿಡಿದು ನಟ್ಟು ತಿರುಗಿಸಿ ಸರಿಪಡಿಸಿದರು. ಮರುದಿನ ಫಿಟ್ಟರ್ ಧರೆಪ್ಪ ತನ್ನ ತಟ್ಟನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಅವರ ಮುಂದೆ ನಿಂತ. ನಾನು ಪಕ್ಕದಲ್ಲೇ ಇದ್ದೆ. "ಸಾಹೇಬ್ರ, ಎಣ್ಣಿ ಬಿಡೂದು ನಾನ ಮರತೇನ್ರಿ. ಬೇರಿಂಗ್ ಸುಡಾಕತ್ತೈತ್ರಿ" ಎಂದ.

ಭಾವುಸಾಹೇಬರು ಬೇರಿಂಗಿನ ಮೇಲೆ ಕೈಯಿಟ್ಟು ನೋಡಿ ಮಿಲ್ಲು ನಿಲ್ಲಿಸಿದರು. "ಚಲೋ ಆತು, ಹೊತ್ತಿಗೆ ಹೇಳಿದಿ. ಮೊದಲ ಚಾ ಕುಡಿ, ಆಮ್ಯಾಲೆ ಬಿಚ್ಚೂಣು" ಎಂದರು. ಧರೆಪ್ಪನ ಜೊತೆಗಾರ ಅಣ್ಣಾಸಾಬ, "ಬೇರಿಂಗಿಗೂ ಕೌದಿ ಹೊಚ್ಚಿ ಮಲಗಸಾಂವ ನೀನ ಒಬ್ಬ ನೋಡಲೇ" ಎಂದು ಚೇಷ್ಟೆ ಮಾಡಿದ. ಧರೆಪ್ಪನೂ ನಕ್ಕ. ಮಧ್ಯಾಹ್ನದೊಳಗೆ ಮಿಲ್ಲು ಮತ್ತೆ ತಿರುಗಿತು.

ಈಗ ಸಣ್ಣ ಸದ್ದು ಕೇಳಿದರೂ ಓಡಿ ಬಂದು ಹೇಳುತ್ತಾರೆ. ಯಂತ್ರಗಳು ಅವೇ, ಜನರೂ ಅವರೇ. ಆದರೂ ಹೋದ ವರ್ಷಕ್ಕಿಂತ ಹೆಚ್ಚು ಕಬ್ಬು ನುರಿಯುತ್ತಿದೆ. ತಟ್ಟುಗಳು ಕಾಲೊರಸಲು ಬಾಗಿಲಿಗೆ ಬಂದಿವೆ.

ಸಂಕ್ರಮಣದ ಕುಸುರೆಳ್ಳನ್ನು ಅವ್ವ ಲಕೋಟೆಯಲ್ಲಿ ಹಾಕಿದ್ದಾಳೆ. ಗೆಳತಿಯರಿಗೂ ಕೊಡು. ನಿನಗೆ ಸದಾ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಅಪ್ಪಾಸಾಬ

ತಾ.ಕ.: ಫಲಿತಾಂಶ ಏನೇ ಆಗಿರಲಿ, ಅದಕ್ಕೆ ತಟ್ಟು ಹೊದಿಸಬೇಡ. ಶನಿವಾರದ ಬಸ್ಸಿಗೆ ಬಾ, ನಿಲ್ದಾಣದಲ್ಲಿ ಇರುತ್ತೇನೆ. ಮೊದಲು ಚಹಾ ಕುಡಿಯೋಣ.