ಆನೆ ಕೊಡುವ ಲೆಕ್ಕ

ಆಸ್ಪತ್ರೆ, ಮೂರನೇ ಮಹಡಿ
ಮಂಗಳವಾರ ಮಧ್ಯಾಹ್ನ

ನನ್ನ ಮೊಂಡು ಮಗಳೇ,

ನೀನು ಚೆನ್ನಾಗಿದ್ದೀಯ ಎಂದುಕೊಂಡು ಶುರು ಮಾಡುತ್ತೇನೆ. ನಾವು ಚೆನ್ನಾಗಿಲ್ಲ. ಫೋನು ಮಾಡಿದರೆ ನನ್ನ ದನಿಯಲ್ಲೇ ಎಲ್ಲ ಹಿಡಿದುಬಿಡುತ್ತೀಯ, ಅದಕ್ಕೇ ಈ ಇಮೇಲ್.

ನಿಮ್ಮಪ್ಪನ ಎಡಗಾಲಿನ ಹುಣ್ಣಿನ ವಿಷಯ ನಿನಗೆ ಗೊತ್ತಿಲ್ಲ. ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಸಕ್ಕರೆ ಕಾಯಿಲೆಯವರು ಚಪ್ಪಲಿ ಕಚ್ಚಿದ ಗಾಯವನ್ನು ಅಲಕ್ಷ್ಯ ಮಾಡಿದರೆ ಏನಾಗುತ್ತದೋ ಅದೇ ಆಯಿತು. ಬೆರಳು ಕಪ್ಪಾಯಿತು, ಕಪ್ಪು ಪಾದಕ್ಕೆ ಏರಿತು. ಮೊಣಕಾಲ ಕೆಳಗೆ ತೆಗೆದರೆ ಬದುಕುವ ಸಾಧ್ಯತೆ ನೂರಕ್ಕೆ ಎಪ್ಪತ್ತು, ಬಿಟ್ಟರೆ ಹತ್ತೂ ಇಲ್ಲ ಎಂದರು ಡಾಕ್ಟರಮ್ಮ. ಇವರು ಏನಂದರು ಗೊತ್ತೇ? ಕಾಲು ಹೋಗೋದು ಖಂಡಿತ, ಜೀವ ಉಳಿಯೋದು ಬರೀ ಅಂದಾಜು, ಅಂದಾಜಿಗೆ ಯಾರಾದ್ರೂ ಆನೆ ಕೊಡ್ತಾರೇನಮ್ಮ ಅಂತ! ಆಕೆ ಪಾಪ, ಯಾವ ಆನೆ ಎಂದು ನನ್ನ ಮುಖ ನೋಡಿದರು.

ಯಾವ ಆನೆ ಎಂದು ನಮಗೆ ಗೊತ್ತು. ನೀನೂ ನಿಮ್ಮಪ್ಪನೂ ಸೇರಿ ಕಟ್ಟಿದ ಆ ಚೆಸ್ ಪ್ರೋಗ್ರಾಮಿನಿಂದ ತಾನೇ ನಮ್ಮ ಮನೆ ಒಡೆದದ್ದು. ನಿಮ್ಮಪ್ಪನದು ಎಣಿಕೆ: ಪದಾತಿಗೆ ಒಂದು, ಕುದುರೆಗೆ ಮೂರು, ಆನೆಗೆ ಐದು, ಕೈಯಲ್ಲಿರುವ ಕಾಯಿ ಮೊದಲು, ಅದು ಕೂತ ಜಾಗದ ಬೆಲೆ ಆಮೇಲೆ. ನೀನು ನಿನ್ನದೇ ಇನ್ನೊಂದು ಪ್ರತಿ ಮಾಡಿಕೊಂಡು ಆ ಲೆಕ್ಕವನ್ನು ತಲೆಕೆಳಗು ಮಾಡಿದೆ. ಅದು ತನ್ನೊಂದಿಗೆ ತಾನೇ ಲಕ್ಷಗಟ್ಟಲೆ ಆಟ ಆಡುವಂತೆ ಮಾಡಿ, ಎಷ್ಟು ಕಾಯಿ ಇದೆ ಎಂದಲ್ಲ, ಇಲ್ಲಿಂದ ಗೆಲ್ಲುವ ಸಾಧ್ಯತೆ ಎಷ್ಟು ಎಂದು ನೋಡಲು ಕಲಿಸಿದೆ. ಪಾತ್ರೆ ತೊಳೆದು ಬಂದು ಎರಡರ ಕೈಯಲ್ಲೂ ಸೋಲುತ್ತಿದ್ದವಳು ನಾನು. ಒಂದು ಭಾನುವಾರ ಎರಡನ್ನೂ ಎದುರುಬದುರು ಕೂರಿಸಿದಿರಿ. ನಿನ್ನದು ಒಂದು ಕುದುರೆಗೆ ತನ್ನ ಆನೆಯನ್ನೇ ಕೊಟ್ಟಿತು. ಆನೆ ಕೊಟ್ಟು ಅದೇನು ಕಡಿದು ಕಟ್ಟೆ ಹಾಕುತ್ತೆ ಎಂದು ಇವರು ನಕ್ಕರು. ಇವರ ಪ್ರೋಗ್ರಾಮೂ ತಾನೇ ಮುಂದಿದ್ದೇನೆಂದು ತೋರಿಸುತ್ತಲೇ ಇತ್ತು. ನಷ್ಟ ಕಣ್ಣೆದುರಿತ್ತು, ಲಾಭ ಅದರ ನೋಟಕ್ಕೆ ಸಿಗದಷ್ಟು ದೂರವಿತ್ತು. ರಾಜ ಮೂಲೆಯಲ್ಲಿ ಉಸಿರುಕಟ್ಟುವ ತನಕ ಅದಕ್ಕೆ ತಿಳಿಯಲೇ ಇಲ್ಲ. ಮಾರನೇ ದಿನ, ನೀನು ಬರೆದದ್ದನ್ನೆಲ್ಲ ತಾನು ಅಳಿಸಿಬಿಟ್ಟೆನೆಂದು ಇವರು ಹೇಳಿದರು, ನೀನು ಪೆಟ್ಟಿಗೆ ಕಟ್ಟಿ ಮನೆ ಬಿಟ್ಟೆ. ಹಟದಲ್ಲಿ ಅಪ್ಪ ಮಗಳು ಒಂದೇ ಅಚ್ಚು.

ಅಳಿಸಿರಲಿಲ್ಲ ಕಣೇ. ಮೊನ್ನೆ ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದು ಅದೇ ಆಟ ಇಟ್ಟುಕೊಂಡಿದ್ದರು. ಆನೆ ಕೊಟ್ಟ ಕಡೆ ನಿನ್ನದು ಎಲ್ಲಾದರೂ ತಪ್ಪಿದೆಯೇ ಎಂದು ಜ್ವರದಲ್ಲೇ ಹುಡುಕಿದರು. ಸಿಗಲಿಲ್ಲ. ಅವಳ ಲೆಕ್ಕ ಸರಿ, ಆದ್ರೆ ಕೊಟ್ಟ ಆನೆಗೆ ನೋವಾಗಲ್ವಲ್ಲೇ ಅಂದರು. ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಅಳುವೂ ಬಂತು, ಕೆಟ್ಟ ಸಿಟ್ಟೂ ಬಂತು.

ಎಪ್ಪತ್ತರ ಪಕ್ಕದಲ್ಲಿ ಮೂವತ್ತೂ ಇದೆ, ಅದು ನನಗೂ ಗೊತ್ತು. ಆದರೂ ನೀನು ಬಾ. ಹಿತ್ತಲ ಗಿಡ ಮದ್ದಲ್ಲ ನೋಡು, ನನ್ನ ಮಾತು ಅವರಿಗೆ ನಾಟುವುದಿಲ್ಲ. ಹಳೆಯದನ್ನು ಕೆದಕಬೇಡ. ಪಕ್ಕದಲ್ಲಿ ಕೂತು, ಕೊಟ್ಟ ಮೇಲೂ ಆಟ ಇರುತ್ತೆ ಅಪ್ಪಾ ಅಂತ ಹೇಳು. ಅಷ್ಟು ಸಾಕು.

ಬಾಗಿಲ ಕಡೆಗೇ ಕಣ್ಣಿಟ್ಟು ಕೂತಿರುವ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ನಿನ್ನೆ ಜ್ವರ ಏರಿ ಇವರಿಗೆ ಪ್ರಜ್ಞೆ ತಪ್ಪಿದಾಗ ಒಪ್ಪಿಗೆಗೆ ನಾನೇ ಸಹಿ ಹಾಕಿದೆ. ಬೇಡವೆಂದು ಕೈಮುಗಿದಿದ್ದರು, ಆದರೂ ಹಾಕಿದೆ. ಕಾಲು ತೆಗೆದಾಯಿತು. ಈಗ ಕಣ್ಣು ಬಿಟ್ಟಿದ್ದಾರೆ, ಹೊದಿಕೆಯ ಕೆಳಗೆ ಇನ್ನೂ ನೋಡಿಲ್ಲ. ಎಡಗಾಲಿನ ಹೆಬ್ಬೆರಳು ಕಡೀತಿದೆ, ಸ್ವಲ್ಪ ಕೆರಿಯೇ ಅಂದರು. ಬರಿಯ ಹಾಸಿಗೆ ಕೆರೆದೆ. ಸಾಕು, ಹಾಯಾಯ್ತು ಅಂದರು.